ಹೋಮರನ ಹಾಡು, ಕಾಮಗೆರೆಯ ದಾರಿ

(ಕಾಮಗೆರೆಯಲ್ಲಿ ಉಪಾಧ್ಯಾಯರ ಹಾಗೂ ಊರ ಮಹನೀಯರ ಮುಂದೆ ಮಾಡಿದ ಭಾಷಣ)



ಯವನ ದೇಶದ ಆದಿಕವಿಯೆನಿಸಿದ ಹೋಮರನ ವಿಷಯವಾಗಿ ಮಾತನಾಡಲು ಕಾಮಗೆರೆಯೇ ಏಕೆ ಬೇಕಾಯಿತೆಂದು ಕೆಲವರು ಕೇಳಬಹುದು. ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಾದೇಶ್ವರನ ಬೆಟ್ಟಕ್ಕೆ ಹೋಗುವ ದಾರಿಯು ಈ ಊರನ್ನು ಹಾದು ಹೋಗುತ್ತದೆ. ಶಿವರಾತ್ರಿಗೂ ದೀಪಾವಳಿಗೂ ಈ ದಾರಿ ಹಿಡಿದು ನಡೆಯುವ ಪರಿಷೆಯಲ್ಲಿ ಕಂಸಾಳೆಯ ದೇವರಗುಡ್ಡರನ್ನು ಕಾಣದವರು ನಿಮ್ಮಲ್ಲಿ ಇರಲಾರರು. ಹೋಮರನನ್ನು ಅರಿಯಲು ಬೇಕಾದ ಸಾಕ್ಷ್ಯವು ಅವರ ಕಂಠದಲ್ಲಿದೆ ಎಂಬುದೇ ನಮ್ಮ ವಿಜ್ಞಾಪನೆ.

'ಇಲಿಯಡ್' ಕಾವ್ಯದಲ್ಲಿ 15,600ಕ್ಕೂ ಮಿಕ್ಕ ಪಂಕ್ತಿಗಳಿವೆ. 'ಒಡಿಸ್ಸಿ'ಯಲ್ಲಿ 12,000ಕ್ಕೂ ಮಿಕ್ಕು. ಇಷ್ಟು ದೊಡ್ಡ ಕಾವ್ಯಗಳು ಲೇಖನಿಯ ನೆರವಿಲ್ಲದೆ ಹುಟ್ಟಬಲ್ಲವೇ ಎಂದು ಪಂಡಿತರು ಬಹುಕಾಲ ವಾದಿಸಿದರು. ಇವುಗಳಲ್ಲಿ ಒಂದೇ ವಿಶೇಷಣವು ಹೆಜ್ಜೆ ಹೆಜ್ಜೆಗೂ ಬರುತ್ತದೆ. ಅಕಿಲೀಸನು ಸುಮ್ಮನೆ ಕುಳಿತಿದ್ದರೂ ವೇಗದ ಕಾಲಿನವನೇ! ಇದು ಕವಿಯ ಬಡತನವೆಂದು ಮೂಗು ಮುರಿದವರೂ ಉಂಟು.

ಉತ್ತರ ದೊರೆತದ್ದು ಗ್ರಂಥಾಲಯದಲ್ಲಲ್ಲ. ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸನು 1933ರಿಂದ 1935ರ ವರೆಗೆ ಯುಗೋಸ್ಲಾವಿಯದ ಹಳ್ಳಿಪಟ್ಟಣಗಳಲ್ಲಿ ತಿರುಗಿ, ಗುಸ್ಲೆಯೆಂಬ ತಂತೀವಾದ್ಯ ಹಿಡಿದು ಹಾಡುವವರ ಹಾಡುಗಳನ್ನು ಸಂಗ್ರಹಿಸಿದನು. ಅವ್ದೋ ಮೆಜೆದೊವಿಚ್ ಎಂಬ ಓದುಬರಹವಿಲ್ಲದ ರೈತನು 12,000ಕ್ಕೂ ಹೆಚ್ಚು ಪಂಕ್ತಿಗಳ ಒಂದೇ ಕಥೆಯನ್ನು 1935ರಲ್ಲಿ ಹೇಳಿ ಬರೆಯಿಸಿದನು. ಪ್ಯಾರಿ ಅದೇ ವರ್ಷ ತೀರಿಕೊಂಡನು. ಆತನ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಈ ವಿಚಾರವನ್ನು ಗ್ರಂಥರೂಪಕ್ಕೆ ತಂದನು. ಇಂಥ ಹಾಡುಗಾರನು ಉರುಹೊಡೆದುದನ್ನು ಒಪ್ಪಿಸುವುದಿಲ್ಲ. ಹಾಡುತ್ತ ಹಾಡುತ್ತಲೇ ಕಟ್ಟುತ್ತಾನೆ. ಸಿದ್ಧವಾದ ನುಡಿಗಟ್ಟು ಛಂದಸ್ಸಿನ ಒಂದು ತುಂಡನ್ನು ತುಂಬುವಾಗ ಅವನ ಮನಸ್ಸು ಮುಂದಿನ ಸಾಲನ್ನು ಹುಡುಕುತ್ತಿರುತ್ತದೆ. ಬಡತನವೆಂದು ತೋರಿದ್ದು ಕಸಬಿನ ಹತ್ಯಾರವಾಗಿತ್ತು.

ಈಗ ನಮ್ಮ ಮಾದೇಶ್ವರನ ಕಥೆಯನ್ನು ನೋಡೋಣ. ಅದು ಸಾಲು ಸಾಲಾಗಿ ನಿಂತ ಕಾವ್ಯ. ದೇವತೆಗಳನ್ನು ಸೆರೆಯಲ್ಲಿಟ್ಟ ಶ್ರವಣನ ವಧೆ, ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಹೀಗೆ ರಾತ್ರಿ ರಾತ್ರಿಗಳನ್ನು ಬೇಡುವಷ್ಟು ಉದ್ದವಾದದ್ದು. ಮುಂದಾಳು ಎತ್ತಿಕೊಂಡದ್ದನ್ನು ಹಿಮ್ಮೇಳದವರು ಸೊಲ್ಲೆತ್ತಿ ತಿರುಗಿ ಹಾಡುವರು. ಆ ಬಿಡುವಿನಲ್ಲಿ ಮುಂದಾಳಿಗೆ ಉಸಿರೂ ಸಿಕ್ಕಿತು, ಮುಂದಿನ ಮಾತೂ ಸಿಕ್ಕಿತು. ಭೇದವೂ ಇದೆ. ಯವನರ ಕಾವ್ಯ ಆದ್ಯಂತ ಒಂದೇ ಛಂದಸ್ಸು. ನಮ್ಮವರದು ಹಾಡಿನಿಂದ ಮಾತಿಗೆ, ಮಾತಿನಿಂದ ಹಾಡಿಗೆ ಹರಿಯುವ ಕ್ರಮ.

ವಸ್ತುವಿನಲ್ಲಿ ನಮ್ಮದೇನು ಕಡಮೆಯೆಂದು ಕೇಳುವಿರಾ? ಗಂಡನ ದಾರಿ ಕಾಯುತ್ತ ನೆಯ್ದುದನ್ನು ಇರುಳಲ್ಲಿ ಬಿಚ್ಚಿದ ಪೆನೆಲೋಪಿಯನ್ನು ಲೋಕವೇ ಕೊಂಡಾಡುತ್ತದೆ. ಸೋಲಿಗರ ಸಂಕಮ್ಮನಾದರೋ, ಕಾಡಿಗೆ ಹೊರಟ ಗಂಡ ನೀಲೇಗೌಡನು ಎಡಬಾಷೆ ಬಲಬಾಷೆ ಕೊಡೆಂದು ಪೀಡಿಸಿದಾಗ ಒಲ್ಲೆನೆಂದಳು. ಅವನು ಕೊಟ್ಟ ಹಿಂಸೆಯನ್ನೆಲ್ಲ ಉಂಡಳು. ಆಣೆಯನ್ನು ಮಾತ್ರ ಇಡಲಿಲ್ಲ. ಬಂಜೆಯಾಗಿದ್ದ ಅವಳಿಗೆ ಕಾರಯ್ಯ ಬಿಲ್ಲಯ್ಯರನ್ನು ಮಾದೇಶ್ವರನು ವರವಾಗಿ ಕೊಟ್ಟನೆಂದು ಕಥೆ. ಶಂಕೆಗೆ ತಲೆಬಾಗದ ಈ ಹೆಣ್ಣು ಪೆನೆಲೋಪಿಗಿಂತ ಒಂದು ಕೈ ಮೇಲೆಂದೇ ನಮ್ಮ ಎಣಿಕೆ. ಯವನ ಪಂಡಿತರು ಮುನಿದುಕೊಂಡರೆ ಮುನಿಯಲಿ.

ಈ ಸೀಮೆಯು 1956ರ ವರೆಗೆ ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಗಡಿಯ ಆಚೆಯ ಮೈಸೂರಿನವರೂ ಈಚೆಯವರೂ ಒಂದೇ ಕಥೆಯನ್ನು ಒಂದೇ ನುಡಿಯಲ್ಲಿ ಕೇಳುತ್ತ ಒಂದೇ ಬೆಟ್ಟವನ್ನು ಹತ್ತುತ್ತಿದ್ದರು. ಏಕೀಕರಣದ ಚರಿತ್ರೆ ಬರೆಯುವವರು ಸಭೆಗಳನ್ನು, ನಿರ್ಣಯಗಳನ್ನು ಎಣಿಸಿದಂತೆ ಈ ಹಾಡುಗಾರರನ್ನು ಎಣಿಸಿದ್ದನ್ನು ನಾವು ಕಂಡಿಲ್ಲ.

ಕಾವ್ಯವು ಅಚ್ಚಿಗೂ ಬಂದಿದೆ. ಪಿ. ಕೆ. ರಾಜಶೇಖರರು ಸಂಪಾದಿಸಿದ ಪಾಠವು 1973ರಲ್ಲಿ ಬಂತು. ಹೆಬ್ಬಣಿ ಮಾದಯ್ಯನವರೂ ಸಂಗಡಿಗರೂ ಹಾಡಿದ್ದನ್ನು ಕೆ. ಕೇಶವನ್ ಪ್ರಸಾದರು ಸಂಗ್ರಹಿಸಿದರು. ಸಾಹಿತ್ಯ ಅಕಾಡೆಮಿಯು 2001ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದಿತು. ಬಹಳ ಉಪಕಾರವಾಯಿತು. ಆದರೆ ಉಪಾಧ್ಯಾಯರೇ, ಅಚ್ಚಿನ ಪಾಠವನ್ನು ಕೈಯಲ್ಲಿ ಹಿಡಿದು, ಜಗುಲಿಯ ಮೇಲೆ ಹಾಡುತ್ತಿರುವವನಿಗೆ "ಇಲ್ಲಿ ತಪ್ಪಿದೆ" ಎನ್ನಬೇಡಿ. ಪುಸ್ತಕದಲ್ಲಿರುವುದು ಒಂದು ಮೇಳದ ಹಾಡಿಕೆ, ಇವನದು ಇನ್ನೊಂದು. ಬೀಸು ಕಂಸಾಳೆಯ ಕುಣಿತಕ್ಕೆ ವೇದಿಕೆಯ ಮೇಲೆ ಹತ್ತು ನಿಮಿಷ ಕೊಟ್ಟು ಚಪ್ಪಾಳೆ ತಟ್ಟುವ ನಾವು, ಕಥೆಯನ್ನು ಕೇಳದೆ ತಾಳವನ್ನಷ್ಟೇ ಮನೆಗೆ ಒಯ್ಯುತ್ತಿದ್ದೇವೆ. ಕೇಳುವವರಿಲ್ಲದ ಸಾಲನ್ನು ಹಾಡುಗಾರನು ಬಿಡುತ್ತಾನೆ; ಬಿಟ್ಟ ಸಾಲು ಅವನ ಮಗನಿಗೆ ಬರುವುದಿಲ್ಲ.

ಪುಷ್ಯ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲವಾಗುತ್ತದೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ ಹಾಡುವ ನೀಲಗಾರರು ತಂಬೂರಿ ಗಗ್ಗರಗಳೊಡನೆ ಅಲ್ಲಿ ನೆರೆಯುವರು. ಮೇಲಿನ ತರಗತಿಯ ನಾಲ್ಕು ಹುಡುಗರನ್ನು ಕರೆದುಕೊಂಡು ಹೋಗಿ, ಒಂದು ರಾತ್ರಿ ಪೂರ್ತಿ ಕುಳಿತು ಕೇಳಿರಿ. ಯಾರು ಹಾಡಿದರು, ಯಾವ ಸಾಲು, ಎಲ್ಲಿ ನಿಲ್ಲಿಸಿದರು ಎಂಬುದನ್ನು ಹಾಡುಗಾರರ ಒಪ್ಪಿಗೆ ಪಡೆದು ಹುಡುಗರ ಕೈಯಿಂದಲೇ ಬರೆಯಿಸಿ ಶಾಲೆಯಲ್ಲಿಡಿರಿ.