ಮಾತಿನ ಪೆಟ್ಟಿಗೆ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಸಾಹಿತಿಗಳು, ಪ್ರಾಧ್ಯಾಪಕರು ನಿಂತು ಮಾತನಾಡಿದ್ದಾರೆ. ನಾನಾದರೋ ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವನು. ಜಮಾ-ಖರ್ಚಿನ ತಾಳೆ ನೋಡುವುದನ್ನು ಬಿಟ್ಟರೆ ಹೆಚ್ಚಿನ ವಿದ್ಯೆ ನನ್ನಲ್ಲಿಲ್ಲ. ಆದರೂ ಕಾರ್ಯದರ್ಶಿಗಳು ಬಿಡದೆ ಒತ್ತಾಯಪಡಿಸಿದ್ದರಿಂದ, ಮೂಕವಾಗಿದ್ದ ಒಂದು ಹಳೆಯ ಪೆಟ್ಟಿಗೆಯನ್ನು ಮತ್ತೆ ಮಾತನಾಡಿಸಲು ನಾನು ಪಟ್ಟ ಪಾಡನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಕಟ್ಟಡದ ಕೆಳಮನೆಯಲ್ಲಿ ಹಿರಿಯರೊಬ್ಬರಿದ್ದಾರೆ. ಧಾರವಾಡದ ಕಡೆಯವರು, ನಮಗೆಲ್ಲ ಕಾಕಾ. ಹುಟ್ಟಿನಿಂದಲೇ ಅವರಿಗೆ ದೃಷ್ಟಿಯಿಲ್ಲ. ಬ್ಯಾಂಕೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಲೋಕಲ್ ಗಾಡಿಯಲ್ಲಿ ಬರುವಾಗ ವಿಲೆ ಪಾರ್ಲೆ ಬಂತೆಂಬುದನ್ನು ಅವರು ಬಿಸ್ಕತ್ತಿನ ಕಾರ್ಖಾನೆಯ ಪರಿಮಳದಿಂದಲೇ ತಿಳಿಯುತ್ತಿದ್ದರು. ೨೦೧೬ರಲ್ಲಿ ಆ ಕಾರ್ಖಾನೆ ಮುಚ್ಚಿತು. ನಮಗೆ ಅದು ಪತ್ರಿಕೆಯಲ್ಲಿ ಓದಿ ಮರೆಯುವ ಸುದ್ದಿ. ಕಾಕಾ ಮಾತ್ರ, “ನನ್ನ ಸ್ಟೇಶನ್ನಿನ ಬೋರ್ಡು ಕಿತ್ತು ಒಯ್ದರಲ್ಲೋ ತಮ್ಮಾ” ಎಂದರು. ಕಣ್ಣುಳ್ಳವರು ಗಮನಿಸದೆ ಕಳೆದುಬಿಡುವ ವಸ್ತುಗಳ ಮೇಲೆ ಇನ್ನೊಬ್ಬರ ಬಾಳು ಊರಿ ನಿಂತಿರಬಹುದೆಂದು ನನಗೆ ಹೊಳೆದದ್ದು ಆಗಲೇ.

ಈಗ ಪೆಟ್ಟಿಗೆಯ ವಿಷಯ. ಅದರ ಹೆಸರು ಡೆಕ್‌ಟಾಕ್ ಎಕ್ಸ್‌ಪ್ರೆಸ್. ತೊಂಬತ್ತರ ದಶಕದ್ದು, ಅಮೆರಿಕೆಯಲ್ಲಿದ್ದ ಬಂಧುವೊಬ್ಬರು ಕಾಕಾನಿಗೆ ತಂದುಕೊಟ್ಟದ್ದು. ಗಣಕಯಂತ್ರವು ತಂತಿಯ ಮೂಲಕ ಅಕ್ಷರಗಳನ್ನು ಕಳಿಸಿದರೆ ಪೆಟ್ಟಿಗೆ ಅವನ್ನು ಇಂಗ್ಲಿಷಿನಲ್ಲಿ ಓದಿ ಹೇಳುತ್ತದೆ. ಅದರೊಳಗೆ ಮನುಷ್ಯನ ಧ್ವನಿಮುದ್ರಣ ಇಲ್ಲ ಎಂಬುದು ವಿಶೇಷ. ನಮ್ಮ ಗಂಟಲು ಒಂದು ಝೇಂಕಾರವನ್ನು ಹುಟ್ಟಿಸುತ್ತದೆ. ಬಾಯಿಯ ಆಕಾರ ಬದಲಾದಂತೆ ಅದೇ ಝೇಂಕಾರ ‘ಆ’ ಆಗುತ್ತದೆ, ‘ಈ’ ಆಗುತ್ತದೆ, ‘ಊ’ ಆಗುತ್ತದೆ. ‘ಸ’, ‘ಶ’ಗಳಿಗೆ ಬರಿಯ ಉಸಿರಿನ ಸುಯ್ಯಲು ಸಾಕು. ಇದನ್ನೆಲ್ಲ ಲೆಕ್ಕಕ್ಕೆ ಇಳಿಸಿ ಯಂತ್ರದಿಂದ ನುಡಿಸಿದವರಲ್ಲಿ ಅಮೆರಿಕೆಯ ಡೆನ್ನಿಸ್ ಕ್ಲಾಟ್ ಪ್ರಮುಖರು. ಅವರ ಸಂಶೋಧನೆಯ ಆಧಾರದ ಮೇಲೆ ಮೊದಲನೆಯ ಡೆಕ್‌ಟಾಕ್ ೧೯೮೪ರಲ್ಲಿ ಹೊರಬಂದಿತು. ಅದರ ಮುಖ್ಯ ಧ್ವನಿಗೆ ಕ್ಲಾಟ್ ಅವರ ಸ್ವಂತ ಧ್ವನಿಯೇ ಮಾದರಿ. ಅವರು ೧೯೮೮ರಲ್ಲಿ ತೀರಿಕೊಂಡರು, ಧ್ವನಿ ಉಳಿಯಿತು.

ಕಾಕಾನ ಹಳೆಯ ಗಣಕಯಂತ್ರ ಕೆಟ್ಟಿತು. ಮಗ ಹೊಸ ಲ್ಯಾಪ್‌ಟಾಪ್ ತಂದ. ಪೆಟ್ಟಿಗೆಯ ಒಂಬತ್ತು ಸೂಜಿಗಳ ಕೊಂಡಿಯನ್ನು ಸಿಕ್ಕಿಸಲು ಅದರಲ್ಲಿ ಸೀರಿಯಲ್ ಕಿಂಡಿಯೇ ಇಲ್ಲ. ಪೆಟ್ಟಿಗೆಗೆ ಮಾತು ಒದಗಿಸುತ್ತಿದ್ದ ಡಾಸ್ ಕಾಲದ ಪ್ರೋಗ್ರಾಮು ಅರವತ್ತನಾಲ್ಕು ಬಿಟ್ಟಿನ ವಿಂಡೋಸಿನಲ್ಲಿ ನಡೆಯುವುದೂ ಇಲ್ಲ. “ಹಳೆಯದನ್ನು ಎಸೆಯಿರಿ, ಈಗ ಮನುಷ್ಯರಂತೆಯೇ ಮಾತನಾಡುವ ಧ್ವನಿಗಳು ಬಿಟ್ಟಿಯಾಗಿ ಸಿಗುತ್ತವೆ” ಎಂದು ಎಲ್ಲರೂ ಹೇಳಿದರು. ಅಂತಹದೊಂದನ್ನು ನಾನೇ ಹಾಕಿಕೊಟ್ಟೆ. ಕಾಕಾ ಎರಡು ದಿನ ಕೇಳಿ, “ಧ್ವನಿ ಚಂದ ಐತಿ. ಆದರ ಕೀಲಿ ಒತ್ತಿದ ಮ್ಯಾಲ ವಿಚಾರ ಮಾಡಿ ಮಾತಾಡ್ತೈತಿ. ಜೋರು ಓಡಿಸಿದರ ಮಾತೆಲ್ಲಾ ಕಲಸಿಹೋಗ್ತಾವ” ಎಂದರು.

ಅವರ ಮಾತು ನಿಜ. ಪೆಟ್ಟಿಗೆ ಓದುತ್ತಿದ್ದ ವೇಗದಲ್ಲಿ ನನಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ಕಾಕಾ ಒಂದನ್ನೂ ಬಿಡುತ್ತಿರಲಿಲ್ಲ. ಇಪ್ಪತ್ತು ವರ್ಷ ಕಿವಿಯನ್ನು ಪಳಗಿಸಿ ಗಳಿಸಿದ ವಿದ್ಯೆ ಅದು. ಪೆಟ್ಟಿಗೆಯನ್ನು ಎಸೆದರೆ ಆ ವಿದ್ಯೆಯನ್ನೂ ಎಸೆದಂತೆ. ನಮ್ಮ ಬ್ಯಾಂಕಿನಲ್ಲಿ ಹೊಸ ಯಂತ್ರ ಬಂದ ದಿನ ಮುಂಗಟ್ಟೆಯಲ್ಲಿ ನನ್ನ ಕೈ ತಡವರಿಸಿದ್ದನ್ನು ನೆನೆದು ನಾಚಿಕೆಪಟ್ಟೆ.

ಆದುದರಿಂದ ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಯುಎಸ್‌ಬಿ ಕಿಂಡಿಯನ್ನು ಸೀರಿಯಲ್ ಕಿಂಡಿಯಾಗಿ ಮಾರ್ಪಡಿಸುವ ತಂತಿಯೊಂದನ್ನು ಅಗ್ಗವೆಂದು ಕೊಂಡೆ. ಅದರೊಳಗಿನ ಚಿಪ್ಪು ನಕಲಿಯಂತೆ. ವಿಂಡೋಸು ಅದನ್ನು ಹತ್ತಿರಕ್ಕೂ ಸೇರಿಸಲಿಲ್ಲ. ಅಗ್ಗದ ಆಸೆಗೆ ಎರಡು ಸಲ ದುಡ್ಡು ತೆತ್ತು ಇನ್ನೊಂದನ್ನು ತಂದೆ. ಆಗಲೂ ಮೌನ. ಪೆಟ್ಟಿಗೆಯೇ ಸತ್ತಿದೆಯೆಂದು ನಾನು ಕೈಚೆಲ್ಲಿದಾಗ ಕಾಕಾ ನಕ್ಕರು. “ಸ್ವಿಚ್ಚು ಹಾಕಿದ ಕೂಡಲೇ ತನ್ನ ಹೆಸರು ತಾನು ಹೇಳ್ತೈತಿ, ಕೇಳಲಿಲ್ಲೇನು? ಗಂಟಲು ಸರಿ ಐತಿ. ನಡುವಿನ ಹಾದಿ ನೋಡು” ಎಂದರು. ಕಣ್ಣಿದ್ದವನು ಕಾಣದ್ದನ್ನು ಅವರು ಕಿವಿಯಿಂದ ಕಂಡಿದ್ದರು.

ನಡುವಿನ ಹಾದಿ ಸಿಕ್ಕಿದ್ದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ. ಅದರೊಡನೆ ಸ್ಪೀಕ್‌ಅಪ್ ಎಂಬ ಪ್ರೋಗ್ರಾಮು ಬರುತ್ತದೆ. ಸ್ವಯಂಸೇವಕರು ಬೆಳೆಸಿದ್ದು, ೨೦೨೦ರಲ್ಲಿ ಲಿನಕ್ಸಿನ ತಿರುಳಿನಲ್ಲಿ ಕಾಯಂ ಸ್ಥಾನ ಪಡೆಯಿತು. ಇಂತಹ ಹಳೆಯ ಪೆಟ್ಟಿಗೆಗಳು ಹಲವನ್ನು ಅದು ಇಂದಿಗೂ ಬಲ್ಲದು, ಡೆಕ್‌ಟಾಕ್ ಎಕ್ಸ್‌ಪ್ರೆಸ್ಸನ್ನೂ ಸಹ. ಆದರೆ ಬೇರೆ ಹೇಳದಿದ್ದರೆ ಅದು ಯಂತ್ರದ ಮೈಯಲ್ಲಿರುವ ಹಳೆಯ ಮಾದರಿಯ ಕಿಂಡಿಯನ್ನೇ ಹುಡುಕುತ್ತದೆ. ಯುಎಸ್‌ಬಿ ತಂತಿಯ ಕಡೆ ನೋಡೆಂದು ಆಜ್ಞೆಯ ಕೊನೆಗೆ ಒಂದೇ ಪದ ಸೇರಿಸಬೇಕಾಗಿತ್ತು. ಅದು ತಿಳಿಯಲು ನನಗೆ ಮೂರು ಭಾನುವಾರ ಹಿಡಿಯಿತು. ಸೆಕೆಂಡಿಗೆ ೯೬೦೦ ಬಿಟ್ಟಿನ ವೇಗ. ಒಂದು ಅಕ್ಷರಕ್ಕೆ ಆದಿ ಅಂತ್ಯದ ಗುರುತು ಸೇರಿ ಹತ್ತು ಬಿಟ್ಟು. ಅಂದರೆ ಸೆಕೆಂಡಿಗೆ ೯೬೦ ಅಕ್ಷರ. ಗುಮಾಸ್ತನಿಗೆ ಲೆಕ್ಕವಾದರೂ ತಾಳೆಯಾಯಿತು. ನಾಲ್ಕನೆಯ ಭಾನುವಾರ ಪೆಟ್ಟಿಗೆ ಬಾಯಿ ತೆರೆಯಿತು. ಕಾಕಾ ಏನೂ ಹೇಳಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು, ಬೆರಳುಗಳು ಓಡತೊಡಗಿದವು. ಸ್ಪೀಕ್‌ಅಪ್ ಓದುವುದು ಚಿತ್ರಗಳಿಲ್ಲದ ಬರಿಯ ಅಕ್ಷರದ ಪರದೆಯನ್ನು ಮಾತ್ರ. ಕಾಗದ ಬರೆಯಲು, ಲೆಕ್ಕವಿಡಲು ಕಾಕಾನಿಗೆ ಅಷ್ಟು ಸಾಕಾಗಿತ್ತು.

ಇದು ಮುದುಕರೊಬ್ಬರ ಹಟವೆಂದು ಯಾರೂ ತಿಳಿಯಬಾರದು. ೨೦೦೧ರ ಜನವರಿಯಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಸಮ್ಮೇಳನಕ್ಕೆಂದು ನಮ್ಮ ಮುಂಬಯಿಗೆ ಬಂದಿದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರನ್ನು ತಮ್ಮಲ್ಲಿ ಕೆಲವರು ಬಲ್ಲಿರಿ. ಅವರ ಯಾಂತ್ರಿಕ ಧ್ವನಿಯೂ ಇದೇ ಕ್ಲಾಟ್ ಅವರ ಸಂಶೋಧನೆಯಿಂದ ಬಂದದ್ದು. ಎಂಬತ್ತರ ದಶಕದ ಕಾಲ್‌ಟೆಕ್ಸ್ಟ್ ಎಂಬ ಯಂತ್ರದ್ದು. ಮುಂದೆ ಎಷ್ಟೋ ಇಂಪಾದ ಧ್ವನಿಗಳು ಬಂದರೂ ಅವರು ಅದನ್ನು ಬಿಡಲಿಲ್ಲ. ಯಂತ್ರಗಳು ಸವೆಯುತ್ತ ಬಂದಾಗ ಎಂಜಿನಿಯರುಗಳ ತಂಡವೊಂದು ವರ್ಷಗಟ್ಟಲೆ ದುಡಿದು, ಹಳೆಯ ಚಿಪ್ಪುಗಳ ನಡೆಯನ್ನೇ ಅನುಕರಿಸುವ ಪ್ರೋಗ್ರಾಮನ್ನು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕದಲ್ಲಿ ಅಳವಡಿಸಿತು. ೨೦೧೮ರ ಜನವರಿಯಲ್ಲಿ ಅದು ಅವರ ಕೈಸೇರಿತು. ಮಾರ್ಚ್ ೧೪ರಂದು ಅವರು ತೀರಿಕೊಂಡರು. ಕಡೆಯ ವಾರಗಳವರೆಗೂ ಅವರು ತಮ್ಮದೇ ಧ್ವನಿಯಲ್ಲಿ ಮಾತನಾಡಿದರು.

ಇನ್ನು ನಮ್ಮ ಭಾಷೆಯ ಮಾತು. ಕಾಕಾನ ಪೆಟ್ಟಿಗೆಗೆ ಕನ್ನಡ ಬಾರದು. ಕನ್ನಡ ಪತ್ರಿಕೆಯನ್ನು ಅವರಿಗೆ ದಿನವೂ ಓದಿ ಹೇಳುತ್ತಿದ್ದವರು ಕಾಕೂ. ಅವರು ಹೋಗಿ ಮೂರು ವರ್ಷವಾಯಿತು. ಮೊಮ್ಮಗಳು ಕನ್ನಡ ಮಾತನಾಡುತ್ತಾಳೆ, ಆದರೆ ಅಕ್ಷರ ಬಾರದು. ನಮ್ಮಲ್ಲಿ ಎಷ್ಟು ಮನೆಗಳ ಕಥೆ ಇದಲ್ಲ! ಹೀಗಾಗಿ ಮೂರು ವರ್ಷ ಆ ಮನೆಯಲ್ಲಿ ಕನ್ನಡದ ಓದೇ ನಿಂತಿತ್ತು. ಅದೇ ಲ್ಯಾಪ್‌ಟಾಪಿನ ವಿಂಡೋಸ್ ಭಾಗದಲ್ಲಿ ನಾನು ಎನ್‌ವಿಡಿಎ ಎಂಬ ಓದುಗ ಪ್ರೋಗ್ರಾಮನ್ನು ಹಾಕಿದೆ, ಅದು ಉಚಿತ. ಅದರ ಜೊತೆಯಲ್ಲೇ ಬರುವ ಇಸ್ಪೀಕ್ ಎಂಬ ಧ್ವನಿ ಕನ್ನಡವನ್ನು ಓದಬಲ್ಲದು. ಅದೂ ಝೇಂಕಾರದಿಂದ ಮಾತು ಕಟ್ಟುವ ಅದೇ ಹಳೆಯ ಕುಲದ್ದು. ಮನುಷ್ಯಧ್ವನಿಯ ಇಂಪಿಲ್ಲ, ಆದರೆ ವೇಗವಿದೆ. ಕಾಕಾನ ಕಿವಿ ಅದಕ್ಕೆ ಒಂದು ವಾರದಲ್ಲಿ ಒಗ್ಗಿತು.

ಆಗ ಕಾಕಾ, “ನಮ್ಮ ಸಂಘದ ಸಂಚಿಕೆ ಓದಿಸು” ಎಂದರು. ಹಳೆಯ ಸಂಚಿಕೆಯ ಕಡತವನ್ನು ತೆರೆದೆ. ಪರದೆಯ ಮೇಲೆ ಕನ್ನಡ ಮುದ್ದಾಗಿ ಕಾಣುತ್ತಿತ್ತು. ಯಂತ್ರ ಮಾತ್ರ ‘ಕನ್ನಡ’ ಎಂಬ ಪದದಲ್ಲಿ ‘ಪಿ’, ‘ಪೌಂಡು’, ‘ಕ್ಯೂ’ ಎಂದು ತೊದಲಿತು. ವಿದೇಶೀ ವಿನಿಮಯದ ಕೌಂಟರಿನಲ್ಲಿ ಕೂತಂತಾಯಿತು! ಕಾರಣವಿಷ್ಟೆ: ಹಳೆಯ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿರುತ್ತಾರೆ. ಕಣ್ಣಿಗೆ ಅದು ಕನ್ನಡ, ಯಂತ್ರಕ್ಕೆ ಅಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಿಂದಲೇ ಸ್ವಂತ ಸ್ಥಾನವಿದೆ. ಅದರಲ್ಲಿ ಬರೆದದ್ದನ್ನು ಮಾತ್ರ ಇಂತಹ ಯಂತ್ರಗಳು ಓದಬಲ್ಲವು. ನಮ್ಮ ಸಂಘದ ಸದಸ್ಯರೊಬ್ಬರು ವರ್ಷ ವರ್ಷವೂ ವರ್ಗಣಿ ಕೊಟ್ಟು, ತಮಗೆ ಓದಲಾಗದ ಸಂಚಿಕೆಯನ್ನು ಮನೆಗೆ ಒಯ್ಯುತ್ತಿದ್ದರು. ಇದು ನಮ್ಮ ಖಾತೆಯಲ್ಲಿ ಉಳಿದ ಬಾಕಿ.

ಆದಕಾರಣ ಸಂಪಾದಕ ಮಂಡಳಿಗೆ ನನ್ನ ವಿನಂತಿ ಒಂದೇ. ಈ ಸಲದ ರಾಜ್ಯೋತ್ಸವ ಸಂಚಿಕೆಯನ್ನು ಯೂನಿಕೋಡಿನಲ್ಲಿ ಅಣಿಗೊಳಿಸಿ, ಅದರ ಒಂದು ಕಡತವನ್ನು ಬೇಕಾದ ಸದಸ್ಯರಿಗೆ ಕೊಡಿ. ಹಳೆಯ ಸಂಚಿಕೆಗಳನ್ನು ಮಾರ್ಪಡಿಸುವ ಪ್ರೋಗ್ರಾಮುಗಳಿವೆ. ತಪ್ಪು ತಿದ್ದುವ ಕೆಲಸಕ್ಕೆ ಭಾನುವಾರಗಳಲ್ಲಿ ನಾನು ಬರುತ್ತೇನೆ. ಇನ್ನಿಬ್ಬರು ಬಂದರೆ ಬೇಗ ಮುಗಿದೀತು.

ಕಾಕಾನ ಮೇಜಿನ ಮೇಲೆ ಈಗ ಎರಡು ಧ್ವನಿಗಳಿವೆ: ಲೆಕ್ಕಪತ್ರಕ್ಕೆ ಹಳೆಯ ಪೆಟ್ಟಿಗೆ, ಕನ್ನಡಕ್ಕೆ ಇಸ್ಪೀಕ್. ಸಂಜೆ ಯಂತ್ರ ಓದುವಾಗ ಮೊಮ್ಮಗಳು ಪರದೆಯ ಮೇಲೆ ಬೆರಳಿಟ್ಟು, ಇದು ಯಾವ ಅಕ್ಷರವೆಂದು ಕೇಳುತ್ತಾಳೆ. ಕಾಕಾ ಒಂದೊಂದೇ ಅಕ್ಷರವನ್ನು ಯಂತ್ರದಿಂದ ಹೇಳಿಸುತ್ತಾರೆ. ಅದು ಎಡವಿದಲ್ಲಿ ತಾವೇ ತಿದ್ದುತ್ತಾರೆ.