ನೂರು ವ್ಯಾಟಿನ ದನಿ

(ಶಾಲೆಯ ಶತಮಾನೋತ್ಸವದ ಅಂಗವಾಗಿ ವಿಶ್ರಾಮಬಾಗದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣದ ಬರಹರೂಪ)



ಶತಮಾನೋತ್ಸವದ ವೇದಿಕೆಯ ಮೇಲೆ ಕಟ್ಟಡದ ಮಾತು ಬರುವುದು ವಾಡಿಕೆ. ಹೊಸ ಕೋಣೆಗಳು, ಗ್ರಂಥಾಲಯ, ಸಭಾಗೃಹ ಎಲ್ಲವೂ ಬೇಕಾದವುಗಳೇ. ಅವುಗಳ ಜೊತೆಗೆ ಇನ್ನೊಂದು ಕಾರ್ಯವನ್ನೂ ತಾವು ಪರಿಶೀಲಿಸಬೇಕೆಂದು ವಿನಂತಿಸಲು ನಾವು ನಿಂತಿದ್ದೇವೆ. ಊರಿನವರೇ ಸೇರಿ, ಸಂಬಳದ ಆಸೆಯಿಲ್ಲದೆ ನಡೆಸುವ ಒಂದು ಸಮುದಾಯ ಬಾನುಲಿ ಕೇಂದ್ರದ ವಿಚಾರವದು. ಶಾಲೆಗೂ ರೇಡಿಯೋಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಮಹಾರಾಷ್ಟ್ರದ ನೆಲದಲ್ಲಿರುವ ಕನ್ನಡ ಶಾಲೆಗೆ ಆ ಸಂಬಂಧ ಬಹಳ ನಿಕಟವಾದುದೆಂದು ನಮ್ಮ ನಂಬಿಕೆ.

ಮೊದಲು ಸ್ವಲ್ಪ ಇತಿಹಾಸ. ಬಾನುಲಿಯೆಂದರೆ ಸರ್ಕಾರದ ಕೆಲಸ ಎಂದು ನಾವೆಲ್ಲ ಭಾವಿಸಿದ್ದೇವೆ. ಆದರೆ ಕನ್ನಡ ನಾಡಿನ ಬಾನುಲಿ ಹುಟ್ಟಿದ್ದು ಒಬ್ಬ ಅಧ್ಯಾಪಕರ ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದರು. ಅವರ ಪ್ರಸಾರಯಂತ್ರದ ಶಕ್ತಿ ಕೇವಲ 30 ವ್ಯಾಟ್. ಸ್ನೇಹಿತರು, ಸಾಹಿತಿಗಳು, ಗಾಯಕರು ಬಂದು ಮಾತನಾಡಿದರು, ಹಾಡಿದರು. ಆ ಕೇಂದ್ರದ ಹೆಸರು ‘ಆಕಾಶವಾಣಿ’. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಮುಂದೆ ಇಡೀ ದೇಶದ ಬಾನುಲಿಯೇ ಆ ಹೆಸರನ್ನು ಧರಿಸಿತು. ದೇಶಕ್ಕೆ ಹೆಸರು ಕೊಟ್ಟ ಬಾನುಲಿ ಒಬ್ಬ ಮೇಷ್ಟರ ಹವ್ಯಾಸದಿಂದ ಮೊಳೆಯಿತು ಎಂಬುದು ಅಧ್ಯಾಪಕರೇ ತುಂಬಿರುವ ಈ ಸಭೆಯಲ್ಲಿ ನೆನೆಯತಕ್ಕ ಸಂಗತಿ.

ಸ್ವಾತಂತ್ರ್ಯಾನಂತರ ಬಾನುಲಿ ಸಂಪೂರ್ಣವಾಗಿ ಸರ್ಕಾರದ ಕೈಯಲ್ಲಿತ್ತು. 1950ರ ಜನವರಿ 8ರಂದು ಧಾರವಾಡ ಕೇಂದ್ರವೂ, 1963ರಲ್ಲಿ ನಮ್ಮ ಸಾಂಗಲಿ ಕೇಂದ್ರವೂ ಆರಂಭವಾದವು. ಎರಡಕ್ಕೂ ನಾವು ಋಣಿಗಳು. ಗಡಿಯಾಚೆಯಿಂದ ಧಾರವಾಡ ಕನ್ನಡ ನುಡಿಯಿತು, ಈಚೆಯಿಂದ ಸಾಂಗಲಿ ಮರಾಠಿ ನುಡಿಯಿತು. ಎರಡು ಕಿವಿಗಳಲ್ಲಿ ಎರಡು ಭಾಷೆ ತುಂಬಿಕೊಂಡು ಬೆಳೆಯುವ ಭಾಗ್ಯ ಈ ಭಾಗದ ಮಕ್ಕಳದಾಯಿತು. ಆದರೆ ದೊಡ್ಡ ಕೇಂದ್ರಗಳು ಹಲವು ಜಿಲ್ಲೆಗಳಿಗಾಗಿ ಮಾತನಾಡುತ್ತವೆ. ವಿಶ್ರಾಮಬಾಗದ ಒಂದು ಓಣಿಯ ಮಾತು ಅವುಗಳಿಗೆ ಎಟುಕುವುದಿಲ್ಲ. ಅದು ಅವುಗಳ ದೋಷವೂ ಅಲ್ಲ.

ಆ ಅಂತರವನ್ನು ತುಂಬುವ ದಾರಿ ತೆರೆದದ್ದು 1995ರಲ್ಲಿ. ಗಾಳಿಯಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು ಆ ವರ್ಷದ ಫೆಬ್ರುವರಿಯಲ್ಲಿ ತೀರ್ಪಿತ್ತಿತು. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಸ್ವಂತ ಬಾನುಲಿ ನಡೆಸುವ ಅವಕಾಶ ಬಂದಿತು. 2004ರ ಫೆಬ್ರುವರಿಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ತನ್ನ ಕೇಂದ್ರ ತೆರೆಯಿತು. 2006ರಲ್ಲಿ ಸೇವಾಸಂಸ್ಥೆಗಳಿಗೂ ಬಾಗಿಲು ತೆರೆಯಿತು. 2008ರಲ್ಲಿ ಅಂದಿನ ಮೇದಕ್ ಜಿಲ್ಲೆಯ ಹಳ್ಳಿಯೊಂದರಲ್ಲಿ ದಲಿತ ರೈತ ಮಹಿಳೆಯರು ‘ಸಂಗಮ್ ರೇಡಿಯೋ’ ಆರಂಭಿಸಿದರು. ಇಂದು ದೇಶದಲ್ಲಿ ಸುಮಾರು 500 ಸಮುದಾಯ ಬಾನುಲಿ ಕೇಂದ್ರಗಳಿವೆ.

ಪರವಾನಿಗೆ ಬರುವವರೆಗೆ ಕೈಕಟ್ಟಿ ಕೂಡದವರೂ ಇದ್ದರು. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಅಂಥದು. ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇಲ್ಲದ ದಿನಗಳಲ್ಲಿ ಅವರು ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ, ಕೇಬಲ್ ತಂತಿಯ ಮೂಲಕ ಮನೆಗಳಿಗೆ ಕೇಳಿಸಿದರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಅಲ್ಲಿ ಮಾತುಗಾರರು. ಅನುಮತಿ ಕಾಗದದ ಮೇಲೆ ಬರುವ ಮೊದಲೇ ಕೇಳುಗರು ಸಿದ್ಧರಾಗಿದ್ದರು. ಈ ಪಾಠವನ್ನು ನಾವು ನೆನಪಿನಲ್ಲಿಡಬೇಕು.

ನಮ್ಮ ಜಿಲ್ಲೆಯಲ್ಲಿಯೂ ಉದಾಹರಣೆಗೆ ಕೊರತೆಯಿಲ್ಲ. ಜತ್ತ ತಾಲೂಕಿನ ಜಾಲಿಹಾಳದಲ್ಲಿ ಯೇರಳಾ ಪ್ರೊಜೆಕ್ಟ್ಸ್ ಸೊಸಾಯಟಿಯವರ ‘ಯೇರಳಾವಾಣಿ’ ಇದೆ. ಜತ್ತದ ಪೂರ್ವಭಾಗ ಮಳೆ ಕಡಿಮೆಯ ನಾಡು, ಕನ್ನಡ ಮಾತನಾಡುವ ನಾಡು. ನೆರೆಯ ಸಾತಾರಾ ಜಿಲ್ಲೆಯ ಮ್ಹಸವಡದಲ್ಲಿ ಮಾಣದೇಶಿ ಮಹಿಳೆಯರ ಕೇಂದ್ರವಿದೆ, ಬಾರಾಮತಿಯಲ್ಲಿ ‘ವಸುಂಧರಾ ವಾಹಿನಿ’ ಇದೆ. ಬರದ ಹಳ್ಳಿಗಳಲ್ಲಿ ಸಾಧ್ಯವಾದದ್ದು ಎರಡು ದೊಡ್ಡ ಪೇಟೆಗಳ ನಡುವಿನ ವಿಶ್ರಾಮಬಾಗದಲ್ಲಿ ಅಸಾಧ್ಯವೆನ್ನಲಾದೀತೆ?

ಸ್ಥಳದ ದೃಷ್ಟಿಯಿಂದಲೂ ನಮಗೆ ಅನುಕೂಲವಿದೆ. ಸಮುದಾಯ ಬಾನುಲಿಗೆ ನಿಯಮದಂತೆ ದೊರೆಯುವುದು 100 ವ್ಯಾಟಿನ ಶಕ್ತಿ. ಕಂಬದ ಎತ್ತರ 30 ಮೀಟರ್ ಮೀರುವಂತಿಲ್ಲ. ದನಿ ಸುಮಾರು ಹತ್ತು ಕಿಲೋಮೀಟರಿನವರೆಗೆ ಸ್ಪಷ್ಟವಾಗಿ ತಲುಪೀತು. ವಿಶ್ರಾಮಬಾಗ ಸಾಂಗಲಿ-ಮಿರಜುಗಳ ನಟ್ಟನಡುವೆ ಇದೆ. ಇಲ್ಲಿ ನೆಟ್ಟ ಒಂದು ಕಂಬ ಎರಡೂ ಊರುಗಳಿಗೆ ಸಾಕು.

ಆ ದನಿ ಏನನ್ನು ನುಡಿಯಬೇಕು? ಮಿರಜಿನಿಂದಲೇ ಪ್ರಾರಂಭಿಸೋಣ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರು ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಜನ ರೋಗ ಬಂದಾಗ ಮಿರಜಿನ ದಾರಿ ಹಿಡಿಯುತ್ತಾರೆ. ಹಳ್ಳಿಯಿಂದ ಬಂದ ತಾಯಿಗೆ ಯಾವ ಕಾಗದ ಎಲ್ಲಿ ಕೊಡಬೇಕು, ರಕ್ತ ಎಲ್ಲಿ ದೊರೆಯುತ್ತದೆ, ಜೊತೆಗೆ ಬಂದವರು ರಾತ್ರಿ ಎಲ್ಲಿ ತಂಗಬೇಕು ಎಂಬುದನ್ನು ಅವಳ ನುಡಿಯಲ್ಲಿ ಹೇಳುವವರು ಬೇಕು. ದಿನಕ್ಕೆ ಹದಿನೈದು ನಿಮಿಷ ಕನ್ನಡದಲ್ಲಿ ಈ ಮಾಹಿತಿ ಹೇಳಿದರೆ ಅದು ಔಷಧಿಯಷ್ಟೇ ಉಪಕಾರ.

ಇನ್ನು ಸಾಂಗಲಿಯ ಪೇಟೆ. ಇಲ್ಲಿಯ ಅರಿಷಿಣದ ಪೇಟೆಗೆ ಕರ್ನಾಟಕದ ರೈತರೂ ಮಾಲು ತರುತ್ತಾರೆ. ಅಂದಿನ ದರ, ತೂಕ, ಅಡತಿಯ ಲೆಕ್ಕವನ್ನು ಎರಡೂ ಭಾಷೆಗಳಲ್ಲಿ ಕೇಳಿಸಿದರೆ ರೈತನಿಗೂ ಹಮಾಲನಿಗೂ ವ್ಯಾಪಾರಿಗೂ ಒಳಿತು.

ಮುಂದಿನದು ಕೃಷ್ಣೆ. 2019ರ ಆಗಸ್ಟ್ ತಿಂಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಆಯರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. ಆ ಸಲ ನೀರು 57 ಅಡಿ ದಾಟಿತು. ಕೊಯ್ನಾದಿಂದ ಎಷ್ಟು ಬಂತು, ಆಲಮಟ್ಟಿಯಿಂದ ಎಷ್ಟು ಬಿಟ್ಟರು, ನಮ್ಮ ಓಣಿಗೆ ನೀರು ಯಾವಾಗ ಬರುತ್ತದೆ ಎಂಬುದೇ ಎಲ್ಲರ ಬಾಯಲ್ಲಿದ್ದ ಪ್ರಶ್ನೆ. ವಿದ್ಯುತ್ತು ನಿಂತು ಮೊಬೈಲ್ ಆರಿದಾಗಲೂ ಎರಡು ಸೆಲ್ಲಿನ ರೇಡಿಯೋ ಮಾತನಾಡುತ್ತದೆ. ಸಮುದಾಯ ಬಾನುಲಿ ರಾಜಕೀಯ ಸುದ್ದಿಯನ್ನು ತಾನೇ ತಯಾರಿಸಿ ಹೇಳುವಂತಿಲ್ಲ. ಆದರೆ ಪ್ರವಾಹ, ಹವಾಮಾನ, ನೀರು-ವಿದ್ಯುತ್ತಿನ ಪೂರೈಕೆ, ಪರೀಕ್ಷೆ, ಆರೋಗ್ಯದ ಎಚ್ಚರಿಕೆಗಳನ್ನು ಹೇಳಲು ಅಡ್ಡಿಯಿಲ್ಲ. ನಮ್ಮ ಊರಿಗೆ ಬೇಕಾದುದೂ ಅದೇ.

ಕಡೆಯದಾಗಿ ಹಾಡು. ಮಿರಜು ತಂಬೂರಿ-ಸಿತಾರುಗಳ ತವರು. ಖಾನ್ ಸಾಹೇಬ್ ಅಬ್ದುಲ್ ಕರೀಂ ಖಾನರು ಇಲ್ಲಿ ನೆಲೆಸಿದ್ದರು. ಅವರ ಶಿಷ್ಯರಾದ ಸವಾಯಿ ಗಂಧರ್ವರು ಕುಂದಗೋಳದವರು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಆ ಸವಾಯಿ ಗಂಧರ್ವರ ಶಿಷ್ಯರು. ಹೀಗೆ ಮಿರಜಿನ ಸ್ವರ ಧಾರವಾಡಕ್ಕೆ ಹೋಗಿ ಲೋಕವನ್ನು ಮುಟ್ಟಿತು. ಇದು ದೊಡ್ಡವರ ಹಾಡಿನ ಕತೆಯಾಯಿತು. ನಮ್ಮ ಅಜ್ಜಿಯರ ಬೀಸುವ ಪದ, ಸೋಬಾನೆ, ನಮ್ಮ ಅಜ್ಜಂದಿರ ಡೊಳ್ಳಿನ ಪದ, ಭಜನೆಯ ಮೇಳಗಳಿಗೆ ಯಾವ ಧ್ವನಿಮುದ್ರಿಕೆಯಿದೆ? ಹಾಡುವವರು ಹೋದರೆ ಹಾಡೂ ಹೋಯಿತು.

ಇಲ್ಲಿಯೇ ಶಾಲೆಯ ಪ್ರಶ್ನೆ ಬರುತ್ತದೆ. ಪಾಲಕರು ಮಗುವನ್ನು ಕನ್ನಡ ಶಾಲೆಗೆ ಕಳಿಸುವ ಮುನ್ನ ಮನಸ್ಸಿನಲ್ಲಿ ಒಂದು ಲೆಕ್ಕ ಹಾಕುತ್ತಾರೆ. ಈ ಭಾಷೆ ಮನೆಯ ಹೊಸ್ತಿಲು ದಾಟಿದ ಮೇಲೆ ಎಲ್ಲಿ ಬಳಕೆಗೆ ಬರುತ್ತದೆ ಎಂಬ ಲೆಕ್ಕ. ಅವರನ್ನು ದೂರುವುದು ನ್ಯಾಯವಲ್ಲ. ಪಠ್ಯಪುಸ್ತಕಕ್ಕೆ ಕೊರತೆಯಿಲ್ಲ. ಬಾಲಭಾರತಿ ಕನ್ನಡದಲ್ಲಿಯೂ ಪುಸ್ತಕ ಅಚ್ಚು ಹಾಕುತ್ತದೆ. ಕೊರತೆ ಇರುವುದು ಕೇಳುವುದರಲ್ಲಿ. ಊರಿನಲ್ಲಿ ಬಹಿರಂಗವಾಗಿ ಕೇಳದ ಭಾಷೆಯನ್ನು ಮಗು ಪುಸ್ತಕದ ಭಾಷೆಯೆಂದೇ ತಿಳಿಯುತ್ತದೆ. ವಿಲಿಂಗ್ಡನ್ ಕಾಲೇಜಿನಲ್ಲಿ ರಂ.ಶ್ರೀ. ಮುಗಳಿಯವರು ಕನ್ನಡ ಕಲಿಸಿದ, ವಿ.ಕೃ. ಗೋಕಾಕರು ಪ್ರಾಚಾರ್ಯರಾಗಿದ್ದ ಊರು ಇದು. ಆ ಪರಂಪರೆಯನ್ನು ಹೊಗಳಿ ಮುಗಿಸುವುದು ಸುಲಭ. ಇಂದಿನ ಮಗುವಿನ ಕಿವಿಗೆ ಕನ್ನಡ ಮುಟ್ಟಿಸುವುದು ಕಷ್ಟದ ಕೆಲಸ.

ಐರ್ಲೆಂಡಿನ ಪಶ್ಚಿಮ ತೀರದಲ್ಲಿ ಐರಿಷ್ ಮಾತನಾಡುವ ಜನರಿಗೆ ಇದೇ ಸಂಕಟ ಬಂದಿತ್ತು. 1970ರಲ್ಲಿ ಕೊನೆಮಾರಾದ ತರುಣರು ಪರವಾನಿಗೆಯಿಲ್ಲದೆ ಕೆಲವು ದಿನ ತಮ್ಮ ಭಾಷೆಯಲ್ಲಿ ಪ್ರಸಾರ ಮಾಡಿ ತೋರಿಸಿದರು. ಎರಡೇ ವರ್ಷಗಳಲ್ಲಿ, 1972ರ ಏಪ್ರಿಲಿನಲ್ಲಿ, ಆ ಭಾಷೆಗಾಗಿ ಪ್ರತ್ಯೇಕ ಬಾನುಲಿ ಅಧಿಕೃತವಾಗಿ ಆರಂಭವಾಯಿತು. ನಮಗೆ ಕಾನೂನು ಮೀರುವ ಅಗತ್ಯವಿಲ್ಲ. ಅವರಿಗೆ ಮುಚ್ಚಿದ್ದ ಬಾಗಿಲು ನಮಗೆ ತೆರೆದೇ ಇದೆ.

ಒಂದು ಮಾತನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ನಾವು ಬಯಸುವುದು ಕನ್ನಡದವರದಷ್ಟೇ ಆದ ಕೇಂದ್ರವನ್ನಲ್ಲ. ನಿಯಮದ ಪ್ರಕಾರ ‘ಸಮುದಾಯ’ವೆಂದರೆ ಆ ಕಂಬದ ಸುತ್ತ ವಾಸಿಸುವ ಎಲ್ಲರೂ. ಕಾರ್ಯಕ್ರಮಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಸ್ಥಳೀಯರೇ ಪಾಲುಗೊಂಡು ತಯಾರಿಸಿದವು ಇರಬೇಕು. ಇಲ್ಲಿಯ ಬಹುಜನರ ನುಡಿ ಮರಾಠಿ. ಆದ್ದರಿಂದ ಮರಾಠಿಯೇ ಹೆಚ್ಚು ಹೊತ್ತು ನುಡಿಯುವುದು ನ್ಯಾಯ. ಉರ್ದು ಮಾತನಾಡುವ ನೆರೆಯವರಿಗೂ ಪಾಲು ಬೇಕು. ಅವರೆಲ್ಲರ ನಡುವೆ ಕನ್ನಡ ದಿನಕ್ಕೊಂದು ತಾಸು ಅಂಜದೆ, ಗರ್ವಪಡದೆ, ಪಕ್ಕದ ಮನೆಯವರಂತೆ ಮಾತನಾಡಲಿ. ಮರಾಠಿ ಮನೆಯ ಮಗುವೂ ನಾಲ್ಕು ಕನ್ನಡ ಮಾತು ಕಲಿತರೆ ನಮ್ಮ ಶಾಲೆಗೆ ಅದಕ್ಕಿಂತ ದೊಡ್ಡ ಕಾಣಿಕೆ ಇಲ್ಲ.

ಉತ್ಸಾಹದ ಜೊತೆಗೆ ಲೆಕ್ಕವೂ ಇರಲಿ. ದಿನಕ್ಕೆ ಎರಡು ತಾಸಿನ ಹೊಸ ಕಾರ್ಯಕ್ರಮ ಮಾಡಿ, ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಕೇಳಿಸಿದೆವೆನ್ನಿ. ಅರ್ಧ ತಾಸಿನ ಕಾರ್ಯಕ್ರಮಗಳು ವಾರಕ್ಕೆ ಇಪ್ಪತ್ತೆಂಟು ಬೇಕಾಗುತ್ತವೆ. ಒಬ್ಬರು ವಾರಕ್ಕೆ ಒಂದನ್ನು ಸಿದ್ಧಪಡಿಸಿದರೂ ಇಪ್ಪತ್ತೆಂಟು ಜನ ಬೇಕು. ಕಾಯಿಲೆ, ಪರೀಕ್ಷೆ, ಮದುವೆಮುಂಜಿಗಳಿಗೆ ಬಿಟ್ಟರೆ ನಲವತ್ತು ಜನ. ಮೊದಲ ಆರು ತಿಂಗಳು ನಲವತ್ತು ಜನ ಬರುತ್ತಾರೆ, ಎರಡನೆಯ ವರ್ಷ ಹತ್ತು ಜನ ಉಳಿಯುತ್ತಾರೆ. ಸೇವೆಯ ಮೇಲೆ ನಿಂತ ಕೇಂದ್ರಗಳು ಬಡತನಕ್ಕಿಂತ ಹೆಚ್ಚಾಗಿ ದಣಿವಿನಿಂದ ಕುಸಿಯುತ್ತವೆ. ಪ್ರತಿವರ್ಷ ಹೊಸ ತಂಡಕ್ಕೆ ತರಬೇತಿ ಕೊಡುವ ಏರ್ಪಾಡು ಇಲ್ಲದೆ ಯಂತ್ರ ಕೊಳ್ಳಬಾರದು. ಈ ವಿಷಯದಲ್ಲಿ ಶಾಲೆಯಷ್ಟು ತಕ್ಕ ಸಂಸ್ಥೆ ಬೇರೊಂದಿಲ್ಲ. ಪ್ರತಿ ಜೂನ್ ತಿಂಗಳಲ್ಲಿ ಹೊಸ ತರಗತಿ ಬರುತ್ತದೆ.

ಹಣದ ವಿಚಾರ. ತಾಸಿಗೆ 12 ನಿಮಿಷಗಳವರೆಗೆ ಜಾಹೀರಾತು ಕೇಳಿಸಲು 2024ರ ಪರಿಷ್ಕೃತ ನಿಯಮಗಳು ಅವಕಾಶ ಕೊಟ್ಟಿವೆ. ದರ ಹತ್ತು ಸೆಕೆಂಡಿಗೆ 74 ರೂಪಾಯಿ. ಅದರಿಂದ ಯಾರೂ ಶ್ರೀಮಂತರಾಗಲಾರರು. ವಿದ್ಯುತ್ತಿನ ಬಿಲ್ಲು, ದುರಸ್ತಿಗಳು ಸಾಗಿಯಾವು. ಕೇಂದ್ರದ ಸಲಹಾ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆಂದೂ ಅದೇ ನಿಯಮಗಳು ಹೇಳುತ್ತವೆ. ಮನೆಯಲ್ಲಿ ಕನ್ನಡವನ್ನು ಉಳಿಸಿದವರು ತಾಯಂದಿರೇ ಆದ್ದರಿಂದ ಈ ನಿಯಮ ನಮಗೆ ಭಾರವೆನಿಸದು.

ಆದುದರಿಂದ ನಮ್ಮ ವಿನಂತಿ ಮೂರು. ಮೊದಲನೆಯದಾಗಿ, ಈ ಶತಮಾನೋತ್ಸವ ವರ್ಷದಲ್ಲಿ ಐದನೆಯ ತರಗತಿಯಿಂದ ಮೇಲಿನ ಪ್ರತಿಯೊಂದು ಮಗು ತನ್ನ ಮನೆಯ ಅಥವಾ ಓಣಿಯ ಒಬ್ಬ ಹಿರಿಯರ ಮಾತನ್ನೋ ಹಾಡನ್ನೋ ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಲಿ. ಅದಕ್ಕೆ ಮೊಬೈಲ್ ಸಾಕು, ಪರವಾನಿಗೆ ಬೇಡ. ಎರಡನೆಯದಾಗಿ, ಅವುಗಳಲ್ಲಿ ಆಯ್ದವನ್ನು ಪ್ರತಿ ಶನಿವಾರ ಶಾಲೆ ಬಿಡುವ ಮೊದಲು ಧ್ವನಿವರ್ಧಕದಲ್ಲಿ ಎಲ್ಲರಿಗೂ ಕೇಳಿಸೋಣ. ಬೂದಿಕೋಟೆಯವರು ಕಲಿಸಿದ ದಾರಿ ಇದು. ಮೂರನೆಯದಾಗಿ, ಒಂದು ವರ್ಷ ಈ ಕೆಲಸ ತಪ್ಪದೆ ನಡೆದರೆ, ಆಗ ಮಾತ್ರ, ಆಡಳಿತ ಮಂಡಳಿಯವರು ಪರವಾನಿಗೆಗೆ ಅರ್ಜಿ ಹಾಕಲಿ. ನಡೆಯದಿದ್ದರೆ ಅರ್ಜಿ ಬೇಡ. ಧ್ವನಿಮುದ್ರಿಸಿದ ಹಾಡುಗಳಾದರೂ ಉಳಿದಿರುತ್ತವೆ.

ನೂರು ವರ್ಷಗಳಿಂದ ಈ ಶಾಲೆ ಗಡಿನಾಡಿನ ಮಕ್ಕಳಿಗೆ ತಮ್ಮ ತಾಯ್ನುಡಿಯಲ್ಲಿ ಓದಲು, ಬರೆಯಲು ಕಲಿಸಿದೆ. ಹೆದರದೆ ಎಲ್ಲರೆದುರು ಅದೇ ನುಡಿಯಲ್ಲಿ ಮಾತನಾಡಲು ಕಲಿಸುವುದು ಮುಂದಿನ ಪಾಠ. ಹಳೆಯ ವಿದ್ಯಾರ್ಥಿಗಳಾದ ನಾವು ನಮ್ಮ ಸಮಯವನ್ನೂ ಶಕ್ತ್ಯಾನುಸಾರ ಧನವನ್ನೂ ಇದಕ್ಕೆ ಮೀಸಲಿಡುತ್ತೇವೆ. ಮೊದಲ ಶನಿವಾರದ ಕಾರ್ಯಕ್ರಮಕ್ಕೆ ಯಾರ ಅಜ್ಜಿ ಹಾಡುತ್ತಾರೆ ಎಂಬುದನ್ನು ಇಲ್ಲಿರುವ ಮಕ್ಕಳು ಇಂದೇ ತಮ್ಮ ಗುರುಗಳಿಗೆ ತಿಳಿಸಲಿ ಎಂದು ಕೇಳಿಕೊಳ್ಳುತ್ತೇವೆ.