ಎಂಟರ್‌ಪ್ರೈಸ್ ನೌಕೆಗೆ ಒಂದು ವಿದಾಯ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಕೂತು ಕನ್ನಡ ಕೇಳುವ ನಿಮ್ಮ ಜೊತೆ ಈ ಸಲ ಹಾಡಿನ ಬದಲು ಒಂದು ಧಾರಾವಾಹಿಯ ಮಾತು. ಹೆಸರು ‘ಸ್ಟಾರ್ ಟ್ರೆಕ್’. 1966ರ ಸೆಪ್ಟೆಂಬರ್ 8ರಂದು ಅಮೆರಿಕದಲ್ಲಿ ಶುರುವಾಗಿ, ಮೂರೇ ವರ್ಷಕ್ಕೆ, 79 ಕಂತುಗಳಿಗೆ ನಿಂತುಹೋಯಿತು. ಆಮೇಲೆ ಮಗ, ಮೊಮ್ಮಗ ಅನ್ನುವ ಹಾಗೆ ಸರಣಿಗಳು ಬಂದವು. ‘ಡಿಸ್ಕವರಿ’ 2024ರ ಮೇ ತಿಂಗಳಲ್ಲಿ ಮುಗಿಯಿತು. ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ಗೆ ಐದನೆಯ ಸೀಸನ್ನೇ ಕೊನೆ ಅಂತ 2025ರಲ್ಲಿ ಹೇಳಿಬಿಟ್ಟರು. ಇನ್ನೂ ಏನೇನೋ ಬರಬಹುದು, ಬರಲಿ. ನಾನು ಇಲ್ಲಿಗೆ ಇಳಿದುಕೊಳ್ಳುತ್ತೇನೆ.

ಆಕಾಶದ ಕಥೆಗೆ ಅಹಮದಾಬಾದ್ ದೂರದ ಊರೇನಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ನಾಸಾದಿಂದ ಎರವಲು ಪಡೆದ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸಿದ ‘ಸೈಟ್’ ಪ್ರಯೋಗ ನಡೆದದ್ದು ಇಲ್ಲಿನ ಭೂಕೇಂದ್ರದಿಂದ. ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಹಳ್ಳಿಗಳಿಗೆ ಕನ್ನಡದಲ್ಲೇ ಕಾರ್ಯಕ್ರಮ ಹೋಯಿತು. ಅಲ್ಲಿ ಎಷ್ಟೋ ಜನ ಟಿವಿ ಅಂತ ಮೊದಲು ಕಂಡದ್ದೇ ಅದು.

ನಮ್ಮ ಮನೆಗೆ ಸ್ಟಾರ್ ಟ್ರೆಕ್ ಬಂದದ್ದು ಎಂಬತ್ತರ ದಶಕದಲ್ಲಿ, ಭಾನುವಾರ ಬೆಳಗಿನ ದೂರದರ್ಶನದಲ್ಲಿ. ನಾನು ಕಂಡ ಕಾಲವಲ್ಲ, ಅಪ್ಪ ಹೇಳಿದ್ದು. ಬ್ಯಾಂಕಿನ ವರ್ಗಾವಣೆಯಲ್ಲಿ ವಡೋದರಾಕ್ಕೆ ಬಂದಿದ್ದರು, ಗದಗಿನಿಂದ ಅಜ್ಜಿಯೂ ಜೊತೆಗೆ. ಅಜ್ಜಿಗೆ ಇಂಗ್ಲಿಷೂ ಇಲ್ಲ, ಗುಜರಾತಿಯೂ ಇಲ್ಲ. ಅಪ್ಪ ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸುತ್ತಿದ್ದರು. ಸ್ಪಾಕ್ ಆಕೆಗೆ ‘ಚೂಪುಗಿವಿಯಾಂವ’. ‘ಚೂಪುಗಿವಿಯಾಂವಂಗ ಒಮ್ಮೆನೂ ನಗು ಬರಂಗಿಲ್ಲೇನೋ?’ ಅಂತ ಕೇಳುತ್ತಿದ್ದಳಂತೆ. ನಾನು ದೊಡ್ಡವಳಾಗುವ ಹೊತ್ತಿಗೆ ಕೇಬಲ್ ಬಂದಿತ್ತು, ಕ್ಯಾಪ್ಟನ್ ಪಿಕಾರ್ಡ್ ಬಂದಿದ್ದ. ಅಜ್ಜಿ ಇರಲಿಲ್ಲ. ಆದರೂ ಅಪ್ಪನಿಗೆ ಕನ್ನಡದಲ್ಲಿ ಹೇಳುವ ಚಾಳಿ ಬಿಡಲಿಲ್ಲ. ನಾಲ್ಕು ವರ್ಷದ ಹಿಂದೆ ಅಪ್ಪನೂ ಹೋದರು. ಈಗ ಕಂತು ಮೊಬೈಲಿಗೇ ಬರುತ್ತದೆ, ಇಯರ್‌ಫೋನ್ ಹಾಕಿಕೊಂಡು ಒಬ್ಬಳೇ ನೋಡುತ್ತೇನೆ. ಮುಗಿದ ಮೇಲೆ ಯಾರಿಗೆ ಹೇಳಲಿ? ಇಳಿದುಕೊಳ್ಳುವುದಕ್ಕೆ ಅದೇ ಕಾರಣ.

ಮುಗಿಸುವುದನ್ನು ಈ ಸರಣಿಗಳಿಂದಲೇ ಕಲಿಯಬೇಕು, ಹೇಗೆ ಮುಗಿಸಬಾರದು ಅನ್ನುವುದನ್ನೂ. 2005ರ ಮೇ 13ರಂದು ‘ಎಂಟರ್‌ಪ್ರೈಸ್’ ಮುಗಿದಾಗ, 1987ರಿಂದ ಎಡೆಬಿಡದೆ ನಡೆದಿದ್ದ ಹದಿನೆಂಟು ವರ್ಷದ ಓಟ ನಿಂತಿತು. ಆ ಕೊನೆಯ ಕಂತನ್ನು ಹಳೆಯ ಸರಣಿಯ ರೈಕರ್ ಕೂತು ನೋಡುವ ಆಟದ ಹಾಗೆ ಮಾಡಿಬಿಟ್ಟರು. ನಮ್ಮ ಮನೆಯ ಮದುವೆಯಲ್ಲಿ ನೆಂಟರು ಹಸೆಮಣೆ ಏರಿದ ಹಾಗೆ! ನನಗಿನ್ನೂ ಸಿಟ್ಟು ಇಳಿದಿಲ್ಲ. ಅದೇ 1994ರ ಮೇನಲ್ಲಿ ಪಿಕಾರ್ಡ್‌ನ ಸರಣಿ ಮುಗಿದದ್ದು ನೋಡಿ. ಏಳು ವರ್ಷ ಕೈಕೆಳಗಿನವರ ಇಸ್ಪೀಟಿನ ಮೇಜಿಗೆ ಕೂರದ ಕ್ಯಾಪ್ಟನ್, ಕೊನೆಗೆ ಬಂದು ಕೂತು ಎಲೆ ಹಂಚುತ್ತಾನೆ. ಶ್ರಾವಣದ ಸಾತಮ್-ಆಠಮ್‌ಗೆ ಪಕ್ಕದ ಮನೆಯವರ ಜೊತೆ ಎಲೆ ಹಿಡಿದು ಕೂತವರಿಗೆ ಇದರ ರುಚಿ ಬೇರೆ ಹೇಳಬೇಕಿಲ್ಲ.

ಆದರೆ ನಾನು ಜೊತೆಗೆ ಒಯ್ಯುವುದು 1991ರ ‘ಡಾರ್ಮಾಕ್’ ಎಂಬ ಕಂತನ್ನು. ನೌಕೆಯಲ್ಲಿ ಯಾವ ಭಾಷೆಯನ್ನಾದರೂ ತಿರುಗಿಸುವ ಯಂತ್ರವಿದೆ. ಎದುರಿಗೆ ಬಂದ ಜನರ ಮಾತು ಅದಕ್ಕೆ ಕೇಳುತ್ತದೆ, ಶಬ್ದವೂ ಸಿಗುತ್ತದೆ, ಅರ್ಥ ಮಾತ್ರ ಇಲ್ಲ. ಅವರು ಆಡುವುದೆಲ್ಲ ತಮ್ಮ ಪುರಾಣದ ಹೆಸರುಗಳಲ್ಲಿ. ನಾವು ‘ಪುಣ್ಯಕೋಟಿ’ ಅಂದರೆ ಸಾಕು, ಕೊಟ್ಟ ಮಾತು, ಹುಲಿ, ಕರು ಎಲ್ಲ ಬಂದುಬಿಡುತ್ತದೆ. ಮಣಿನಗರದ ಗೆಳತಿಗೆ ಅದನ್ನು ತಿಳಿಸಬೇಕಾದರೆ ಇಡೀ ಕಥೆಯನ್ನೇ ಹೇಳಬೇಕು. ಆ ಪರಕೀಯ ಕ್ಯಾಪ್ಟನ್ ಒಂದೇ ಒಂದು ಮಾತು ಅರ್ಥವಾಗಿಸಲು ಜೀವ ಕೊಡುತ್ತಾನೆ. ಸಾಯುತ್ತಿರುವವನ ಪಕ್ಕ ಕೂತ ಪಿಕಾರ್ಡ್ ತನಗೆ ಗೊತ್ತಿದ್ದ ಗಿಲ್ಗಮೇಶನ ಕಥೆ ಹೇಳುತ್ತಾನೆ. ಅಪ್ಪ ಅವತ್ತು ಕನ್ನಡದಲ್ಲಿ ಹೇಳುವುದನ್ನು ಅರ್ಧಕ್ಕೇ ನಿಲ್ಲಿಸಿ ಸುಮ್ಮನೆ ಕೂತಿದ್ದರು.

‘ನೆಕ್ಸ್ಟ್ ಜನರೇಷನ್’ ಸರಣಿಯ ಐದನೆಯ ಸೀಸನ್, ಎರಡನೆಯ ಕಂತು. ಸಿಕ್ಕರೆ ನೋಡಿ. ಮನೆಯಲ್ಲಿ ಇಂಗ್ಲಿಷ್ ಬಾರದ ಹಿರಿಯರಿದ್ದರೆ ಅವರನ್ನೂ ಕೂರಿಸಿಕೊಳ್ಳಿ, ನಡುನಡುವೆ ಹೇಳುತ್ತಿರಿ.